ಕಾಲೇಜಿನ ಪೋರ್ಟಲೋ, ಕೈಯಲ್ಲಿರುವ ಮೊಬೈಲೋ?

ಪಿಯುಸಿ ಮುಗಿಸಿ ಮದುವೆಯಾಗಿ, ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಮತ್ತೆ ಓದಬೇಕೆಂಬ ಆಸೆ ಚಿಗುರಿದ ಸಹೋದರಿಯರು ನಮ್ಮ ನಡುವೆ ಬಹಳ ಮಂದಿ ಇದ್ದಾರೆ. ಪೆರ್ಡೂರಿನಂತಹ ಊರಿನಲ್ಲಿ ಈ ಆಸೆಗೆ ಮೊದಲು ಅಡ್ಡ ಬರುವುದು ದಾರಿಯೇ. ಮಣಿಪಾಲ, ಉಡುಪಿ ಅಷ್ಟೇನೂ ದೂರವಲ್ಲ, ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಆದರೆ ಬೆಳಗ್ಗೆ ಮಕ್ಕಳಿಗೆ ಬುತ್ತಿ ಕಟ್ಟಿ, ಅತ್ತೆಗೆ ಮದ್ದು ಕೊಟ್ಟು, ಬಸ್ಸು ಹಿಡಿದು ಹಿರಿಯಡ್ಕ, ಪರ್ಕಳ ದಾಟಿ ತರಗತಿಗೆ ಹೋಗಿ, ಮಕ್ಕಳು ಶಾಲೆಯಿಂದ ಬರುವ ಹೊತ್ತಿಗೆ ಮತ್ತೆ ಮನೆ ಸೇರುವುದು ಎಷ್ಟು ಮಂದಿಗೆ ಸಾಧ್ಯ? ಗಂಡ ಗಲ್ಫ್‌ನಲ್ಲಿದ್ದರಂತೂ ಮನೆಯ ಒಳಗಿನ ಕೆಲಸದ ಜೊತೆಗೆ ಹೊರಗಿನ ಕೆಲಸವೂ ಅವಳದ್ದೇ.

ಆದ್ದರಿಂದ ಅವಳು ಆನ್‌ಲೈನ್ ಕಡೆಗೆ ತಿರುಗುತ್ತಾಳೆ. ಅಲ್ಲಿ ಅವಳ ಮುಂದೆ ಎರಡು ಬಗೆಯ ಕಲಿಕೆ ಇದೆ. ಒಂದು, ವಿಶ್ವವಿದ್ಯಾಲಯವೋ ಸರಕಾರವೋ ನಡೆಸುವ ಕಲಿಕಾ ವೇದಿಕೆ. ಅಲ್ಲಿ ಹೆಸರು ನೋಂದಾಯಿಸಬೇಕು, ಪಾಸ್‌ವರ್ಡ್ ಬೇಕು, ಪಾಠ ವಾರವಾರ ತೆರೆಯುತ್ತದೆ, ಕೊನೆಗೆ ಪರೀಕ್ಷೆ ಮತ್ತು ಪ್ರಮಾಣಪತ್ರ. ಇನ್ನೊಂದು, ಯೂಟ್ಯೂಬ್, ವಾಟ್ಸ್ಯಾಪ್ ಗುಂಪು, ಉಚಿತ ಇ-ಪುಸ್ತಕ, ಪರಿಚಯದ ಒಬ್ಬ ಟೀಚರ್ ಇವೆಲ್ಲವನ್ನು ಕೂಡಿಸಿ ತಾನೇ ಕಟ್ಟಿಕೊಳ್ಳುವ ಕಲಿಕೆ. ಇದಕ್ಕೆ ಪ್ರಾಂಶುಪಾಲರೂ ಇಲ್ಲ, ಹಾಜರಿಯೂ ಇಲ್ಲ. ಶಿಕ್ಷಣ ತಜ್ಞರು ಕಳೆದ ಇಪ್ಪತ್ತು ವರ್ಷಗಳಿಂದ ಈ ಎರಡರಲ್ಲಿ ಯಾವುದು ಮೇಲು ಎಂದು ವಾದಿಸುತ್ತಲೇ ಇದ್ದಾರೆ. ಆ ವಾದದಲ್ಲಿ ನಮ್ಮಂತಹ ಮನೆಗಳಿಗೆ ಬೇಕಾದ ಅಂಶಗಳೂ ಇವೆ. ಬೇಡದವೂ ಬಹಳ ಇವೆ, ಅವನ್ನು ತಜ್ಞರಿಗೇ ಬಿಡೋಣ.

ಎಲ್ಲಕ್ಕಿಂತ ಮೊದಲು ಫೋನಿನ ಮಾತು. 2019-21ರಲ್ಲಿ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ತಾವೇ ಬಳಸುವಂತಹ ಮೊಬೈಲ್ ಹೊಂದಿದ್ದ ಮಹಿಳೆಯರು ನೂರಕ್ಕೆ 54. ಎಂದಾದರೂ ಇಂಟರ್‌ನೆಟ್ ಬಳಸಿದ ಮಹಿಳೆಯರು ನೂರಕ್ಕೆ 33 ಮಾತ್ರ, ಪುರುಷರು 57. ಆ ಬಳಿಕ ಪರಿಸ್ಥಿತಿ ಸುಧಾರಿಸಿದೆ, ನಿಜ. ಆದರೂ ಎಷ್ಟೋ ಮನೆಗಳಲ್ಲಿ ಫೋನು ಒಂದೇ, ಅದು ಹಗಲು ಮಗನ ಕೈಯಲ್ಲಿ, ರಾತ್ರಿ ಅಮ್ಮನ ಕೈಗೆ ಬರುವಾಗ ಡಾಟಾ ಮುಗಿದಿರುತ್ತದೆ. ಸಾಲದ್ದಕ್ಕೆ ನಮ್ಮ ಮಳೆ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ, ಘಟ್ಟದ ಕಡೆ ಹೋದಂತೆ ಇನ್ನೂ ಜಾಸ್ತಿ. ಜುಲೈಯಲ್ಲಿ ಮರ ಬಿದ್ದು ಕರೆಂಟು ಹೋದರೆ ನೆಟ್‌ವರ್ಕೂ ಹೋಯಿತೆಂದೇ ಲೆಕ್ಕ. ಯಾವ ವೇದಿಕೆಯನ್ನು ಆರಿಸುವಾಗಲೂ 'ಪಾಠವನ್ನು ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಬಹುದೇ?' ಎಂಬ ಪ್ರಶ್ನೆಯನ್ನು ನಾವು ಮೊದಲು ಕೇಳಬೇಕು.

ಸಂಸ್ಥೆಯ ವೇದಿಕೆ ಕೊಡುವುದೇನು?

ಇಂದು ಲೋಕದ ಅಸಂಖ್ಯ ಕಾಲೇಜುಗಳು ಬಳಸುವ ಕಲಿಕಾ ತಂತ್ರಾಂಶದ ಹೆಸರು ಮೂಡಲ್. ಇದನ್ನು ಸಿದ್ಧಪಡಿಸಿ 2002ರಲ್ಲಿ ಉಚಿತವಾಗಿ ಹೊರತಂದವರು ಆಸ್ಟ್ರೇಲಿಯಾದ ಮಾರ್ಟಿನ್ ಡೂಗಿಯಾಮಸ್. ಅವರ ಬಾಲ್ಯದ ಕತೆ ನಮಗೆ ಆಪ್ತವೆನಿಸುತ್ತದೆ. ಪಶ್ಚಿಮ ಆಸ್ಟ್ರೇಲಿಯಾದ ಮರುಭೂಮಿಯ ಒಂದು ಮೂಲೆಯಲ್ಲಿ ಬೆಳೆದ ಅವರಿಗೆ ಹತ್ತಿರದಲ್ಲಿ ಶಾಲೆಯೇ ಇರಲಿಲ್ಲ. ಶಾರ್ಟ್‌ವೇವ್ ರೇಡಿಯೋದಲ್ಲಿ ಟೀಚರ ದನಿ ಕೇಳಿ ಪಾಠ ಕಲಿತವರು ಅವರು. ದೂರದಲ್ಲಿ ಕುಳಿತು ಕಲಿಯುವವನಿಗೆ ಏನು ಕಷ್ಟ ಎಂಬುದು ಅವರಿಗೆ ಪುಸ್ತಕದಿಂದ ಗೊತ್ತಾದದ್ದಲ್ಲ.

ಇಂತಹ ವೇದಿಕೆಯ ದೊಡ್ಡ ಉಪಕಾರವೆಂದರೆ ಕ್ರಮ. ಮೊದಲು ಯಾವ ಪಾಠ, ನಂತರ ಯಾವುದು, ಯಾವ ದಿನದೊಳಗೆ ಅಸೈನ್‌ಮೆಂಟ್ ಕೊಡಬೇಕು ಎಂಬುದನ್ನು ಬಲ್ಲವರು ಕುಳಿತು ತೀರ್ಮಾನಿಸಿರುತ್ತಾರೆ. ಹೊಸದಾಗಿ ಕಲಿಯುವವಳಿಗೆ ತನಗೇನು ಗೊತ್ತಿಲ್ಲ ಎಂಬುದೇ ಗೊತ್ತಿರುವುದಿಲ್ಲ. ಬೇರೊಬ್ಬರು ಹಾಕಿಟ್ಟ ಕ್ರಮ ಆಗ ಆಸರೆಯಾಗುತ್ತದೆ.

ಎರಡನೆಯದು ಗಡುವು. ಇದನ್ನು ನಾವು ಸಾಮಾನ್ಯವಾಗಿ ಪೀಡೆ ಎಂದು ತಿಳಿಯುತ್ತೇವೆ. ಆದರೆ ನಮ್ಮ ಜಿಲ್ಲೆಯಲ್ಲೇ ಹುಟ್ಟಿದ ಒಂದು ಯೋಜನೆಯನ್ನು ನೆನಪಿಸಿಕೊಳ್ಳಿ. ಡಾ. ಟಿ.ಎಂ.ಎ. ಪೈ ಅವರು ಸಂಗಡಿಗರೊಂದಿಗೆ 1925ರಲ್ಲಿ ಉಡುಪಿಯಲ್ಲಿ ಸ್ಥಾಪಿಸಿದ ಬ್ಯಾಂಕು (ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿ 2020ರಲ್ಲಿ ಕೆನರಾ ಬ್ಯಾಂಕಿನೊಡನೆ ವಿಲೀನವಾಯಿತು) 1928ರಲ್ಲಿ ಪಿಗ್ಮಿ ಸಂಗ್ರಹ ಆರಂಭಿಸಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕಿತ್ತು. ಎರಡಾಣೆಯನ್ನು ಮನೆಯ ಡಬ್ಬಿಯಲ್ಲೂ ಹಾಕಿಡಬಹುದಿತ್ತಲ್ಲ? ಡಬ್ಬಿಗೆ ಹಾಕಿದ್ದು ನಿಲ್ಲುತ್ತಿರಲಿಲ್ಲ. ಪ್ರತಿದಿನ ಬಾಗಿಲಿಗೆ ಬರುವ ಏಜೆಂಟನ ಮುಖ ನೋಡಿಯೇ ಜನ ಹಣ ತೆಗೆದಿಡುತ್ತಿದ್ದರು. ಓದಿನ ವಿಷಯದಲ್ಲಿ ಸಂಸ್ಥೆಯ ಗಡುವು ಮಾಡುವ ಕೆಲಸವೂ ಅಂತಹದ್ದೇ.

ಇದು ಬರೇ ಊಹೆಯಲ್ಲ. ಅಮೆರಿಕದ ಹಾರ್ವರ್ಡ್ ಮತ್ತು ಎಂಐಟಿ ವಿಶ್ವವಿದ್ಯಾಲಯಗಳ ಮುಕ್ತ ಆನ್‌ಲೈನ್ ಕೋರ್ಸುಗಳ ಬಗ್ಗೆ 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. 2017-18ರಲ್ಲಿ ಸೇರಿದವರಲ್ಲಿ ಕೋರ್ಸು ಮುಗಿಸಿದವರು ನೂರಕ್ಕೆ ಮೂರು ಮಂದಿ! ಆದರೆ ಹಣ ಕಟ್ಟಿ ಪ್ರಮಾಣಪತ್ರಕ್ಕೆಂದು ಸೇರಿದವರಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಮಂದಿ ಮುಗಿಸಿದ್ದರು. ಪಾಠ ಎರಡೂ ಕಡೆ ಅದೇ ಆಗಿತ್ತು.

ಇನ್ನು ದೋಷಗಳು. ಈ ವೇದಿಕೆಗಳನ್ನು ಹೆಚ್ಚಾಗಿ ಸಂಸ್ಥೆಯ ಅನುಕೂಲಕ್ಕೆ ತಕ್ಕಂತೆ ಕಟ್ಟಿರುತ್ತಾರೆ. ಯಾರು ಎಷ್ಟು ಹೊತ್ತು ಒಳಗಿದ್ದರು, ಯಾರು ಯಾವ ಫೈಲ್ ತೆರೆದರು ಎಂಬುದೆಲ್ಲ ಅಲ್ಲಿ ದಾಖಲಾಗುತ್ತದೆ. ಆದರೆ ವಿದ್ಯಾರ್ಥಿನಿಗೆ ಪಾಠ ಅರ್ಥವಾಯಿತೇ ಎಂಬುದು ಆ ದಾಖಲೆಯಿಂದ ತಿಳಿಯುವುದಿಲ್ಲ. ಎಷ್ಟೋ ಕಡೆ ಕೋರ್ಸು ಮುಗಿದ ಕೆಲವು ದಿನಗಳಲ್ಲಿ ಪಾಸ್‌ವರ್ಡ್ ನಡೆಯುವುದಿಲ್ಲ. ಎರಡು ವರ್ಷ ಓದಿದ ಪಾಠ, ಕೇಳಿದ ಪ್ರಶ್ನೆ, ಟೀಚರು ಬರೆದ ಉತ್ತರ ಎಲ್ಲವೂ ಬಾಗಿಲ ಆಚೆಗೆ ಉಳಿಯುತ್ತದೆ. ಓದುವಾಗಲೇ ಟಿಪ್ಪಣಿಯನ್ನು ಸ್ವಂತ ಪುಸ್ತಕಕ್ಕೆ ಇಳಿಸಿಕೊಳ್ಳದಿದ್ದರೆ ಕೈಯಲ್ಲಿ ಉಳಿಯುವುದು ಅಂಕಪಟ್ಟಿ ಮಾತ್ರ.

ಭಾಷೆಯ ಮಾತನ್ನೂ ಹೇಳಲೇಬೇಕು. ಕೇಂದ್ರ ಸರಕಾರದ ಸ್ವಯಂ ವೇದಿಕೆ 2017ರ ಜುಲೈ 9ರಂದು ಉದ್ಘಾಟನೆಯಾಯಿತು. ಶಾಲೆಯಿಂದ ಸ್ನಾತಕೋತ್ತರದವರೆಗೆ ಅಲ್ಲಿ ಉಚಿತ ಕೋರ್ಸುಗಳಿವೆ. ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್ಸಿ ಸೇರಿ 2003ರಲ್ಲಿ ಆರಂಭಿಸಿದ ಎನ್‌ಪಿಟೆಲ್ ಕೂಡಾ ಈಗ ಅದರ ಭಾಗ. ಆದರೆ ಅಲ್ಲಿನ ಪಾಠಗಳು ಬಹುತೇಕ ಇಂಗ್ಲಿಷಿನಲ್ಲಿ, ಕೆಲವು ಹಿಂದಿಯಲ್ಲಿ. ಎನ್‌ಪಿಟೆಲ್‌ನ ಹಲವು ಉಪನ್ಯಾಸಗಳ ಬರಹರೂಪವನ್ನು ಕನ್ನಡಕ್ಕೂ ತಂದಿದ್ದಾರೆ, ಒಳ್ಳೆಯದೇ. ಆದರೂ ಕನ್ನಡ ಮಾಧ್ಯಮದಲ್ಲಿ ಪಿಯುಸಿ ಓದಿದವಳು ಮೊದಲ ವಾರವೇ ಬಸವಳಿಯುತ್ತಾಳೆ. ಇಲ್ಲಿಂದಲೇ ಎರಡನೆಯ ದಾರಿಯ ಅಗತ್ಯ ಶುರುವಾಗುತ್ತದೆ.

ಸ್ವಂತ ಕಟ್ಟಿಕೊಂಡ ಕಲಿಕೆ

2004ರಲ್ಲಿ ಅಮೆರಿಕದಲ್ಲಿದ್ದ ಸಲ್ಮಾನ್ ಖಾನ್ ಎಂಬ ಬಂಗಾಳಿ ಮೂಲದ ಯುವಕ (ನಟನಲ್ಲ, ಇವರು ಬೇರೆ) ದೂರದ ಊರಿನಲ್ಲಿದ್ದ ತಮ್ಮ ಬಂಧುಗಳ ಮಗಳು ನಾದಿಯಾಳಿಗೆ ಫೋನಿನಲ್ಲಿ ಗಣಿತ ಹೇಳಿಕೊಡತೊಡಗಿದರು. ಬೇರೆ ಬಂಧುಗಳ ಮಕ್ಕಳೂ ಸೇರಿಕೊಂಡಾಗ 2006ರಲ್ಲಿ ಪಾಠಗಳನ್ನು ಯೂಟ್ಯೂಬಿಗೆ ಹಾಕಿದರು. ಅದೇ ಖಾನ್ ಅಕಾಡೆಮಿ ಆಯಿತು. ಈಗ ಅದರಲ್ಲಿ ಕನ್ನಡದ ಪಾಠಗಳೂ ಇವೆ. ಒಂದು ಕುಟುಂಬದೊಳಗೆ ಶುರುವಾದ ಪಾಠ ಲೋಕಕ್ಕೆಲ್ಲ ಉಪಯೋಗವಾದದ್ದು ಹೀಗೆ. ಸಂಸ್ಥೆಯ ಪೋರ್ಟಲಿನಲ್ಲಿ ಇಂಗ್ಲಿಷ್ ಉಪನ್ಯಾಸ ಕೇಳಿ ತಲೆಗೆ ಹೋಗದ ವಿಷಯವನ್ನು ಇಲ್ಲಿ ಕನ್ನಡದಲ್ಲಿ ಕೇಳಿ, ಮತ್ತೆ ಅಲ್ಲಿಗೆ ಹೋದರೆ ಆ ಉಪನ್ಯಾಸವೇ ಸುಲಭವೆನಿಸುತ್ತದೆ. ವಿಡಿಯೋವನ್ನು ಹತ್ತು ಸಲ ನಿಲ್ಲಿಸಿ ಕೇಳಿದರೂ ಬೈಯುವವರಿಲ್ಲ. ತರಗತಿಯಲ್ಲಿ ಒಂದು ಪ್ರಶ್ನೆಯನ್ನು ಎರಡನೇ ಸಲ ಕೇಳಲು ನಾಚಿ ಸುಮ್ಮನಾದವರಿಗೆ ಇದರ ಬೆಲೆ ಗೊತ್ತು.

ಕಲಿಯುವವರೇ ಜಾಲ ಕಟ್ಟಿಕೊಳ್ಳಲಿ ಎಂಬುದನ್ನು 2008ರಲ್ಲಿ ಕೆನಡಾದ ಮನಿಟೋಬಾ ವಿಶ್ವವಿದ್ಯಾಲಯದ ಮೂಲಕ ಜಾರ್ಜ್ ಸೀಮನ್ಸ್ ಮತ್ತು ಸ್ಟೀಫನ್ ಡೌನ್ಸ್ ಎಂಬವರು ಪರೀಕ್ಷಿಸಿ ನೋಡಿದರು. ಶುಲ್ಕ ಕಟ್ಟಿದ ಇಪ್ಪತ್ತೈದರಷ್ಟು ವಿದ್ಯಾರ್ಥಿಗಳಿದ್ದ ಕೋರ್ಸಿಗೆ ಲೋಕದ ನಾನಾ ಕಡೆಯಿಂದ ಸುಮಾರು 2200 ಮಂದಿ ಉಚಿತವಾಗಿ ಸೇರಿದರು. ಎಲ್ಲರೂ ಒಂದೇ ಪೋರ್ಟಲಿನೊಳಗೆ ಕುಳಿತಿರಲಿಲ್ಲ. ತಮ್ಮ ತಮ್ಮ ಬ್ಲಾಗುಗಳಲ್ಲಿ ಬರೆದು ಒಬ್ಬರನ್ನೊಬ್ಬರು ಓದಿಕೊಂಡರು.

ಇದು ಹೊಸ ವಿಚಾರವೆಂದು ಪಾಶ್ಚಾತ್ಯರು ಹೇಳಿಕೊಂಡರೂ ನಮಗೆ ಅಷ್ಟು ಹೊಸತಲ್ಲ. ಇಸ್ಲಾಮೀ ವಿದ್ವತ್ ಪರಂಪರೆಯಲ್ಲಿ 'ಇಜಾಝಾ' ಕೊಡುತ್ತಿದ್ದುದು ಮದ್ರಸದ ಕಚೇರಿಯಲ್ಲ, ಗುರು. ಇಂತಹ ಗ್ರಂಥವನ್ನು ಈತ ನನ್ನ ಬಳಿ ಓದಿದ್ದಾನೆ, ಇದನ್ನು ಇತರರಿಗೆ ಕಲಿಸಲು ಅರ್ಹ ಎಂದು ಆ ಗುರು ತಾನೇ ಅನುಮತಿ ನೀಡುತ್ತಿದ್ದ. ವಿದ್ಯಾರ್ಥಿ ಊರಿಂದೂರಿಗೆ ಪ್ರಯಾಣ ಮಾಡಿ ಒಬ್ಬೊಬ್ಬ ಗುರುವಿನಿಂದ ಒಂದೊಂದು ವಿದ್ಯೆ ಪಡೆಯುತ್ತಿದ್ದ. ಹನ್ನೊಂದನೇ ಶತಮಾನದಲ್ಲಿ ಮಕ್ಕಾದಲ್ಲಿದ್ದ ಕರೀಮಾ ಅಲ್ ಮರ್ವಝಿಯ್ಯಾ ಎಂಬ ವಿದ್ವಾಂಸೆಯ ಬಳಿ ಸಹೀಹ್ ಬುಖಾರಿ ಕೇಳಲು ಬಗ್ದಾದಿನ ಪ್ರಸಿದ್ಧ ಚರಿತ್ರಕಾರ ಖತೀಬ್ ಬಗ್ದಾದಿಯೇ ಹೋಗಿದ್ದರು. ಸ್ವಂತ ಜಾಲವೆಂದರೆ ಇದಕ್ಕಿಂತ ಬೇರೆ ಏನು? ಆದರೆ ಒಂದು ವ್ಯತ್ಯಾಸವನ್ನು ಮರೆಯಬಾರದು. ಆ ಜಾಲದಲ್ಲಿ ಗುರುವಿನ ಗುರು ಯಾರು ಎಂಬ ಸರಪಳಿ ಎಲ್ಲರಿಗೂ ಗೊತ್ತಿತ್ತು. ಇಂದಿನ ಯೂಟ್ಯೂಬ್ 'ಗುರು' ಯಾರು, ಏನು ಓದಿದವನು ಎಂದು ಎಷ್ಟು ಮಂದಿ ವಿಚಾರಿಸುತ್ತೇವೆ?

ಸ್ವಂತ ಕಲಿಕೆಯ ದೌರ್ಬಲ್ಯ ಇಲ್ಲೇ ಇದೆ. ಒಳ್ಳೆಯ ಪಾಠವೂ ಕೆಟ್ಟ ಪಾಠವೂ ಒಂದೇ ಪಟ್ಟಿಯಲ್ಲಿ ಬರುತ್ತವೆ. ಟ್ಯಾಲಿ ಕಲಿಯಲು ಕುಳಿತವಳಿಗೆ ಪಕ್ಕದಲ್ಲೇ ಬಿರಿಯಾನಿ ಮಾಡುವ ವಿಡಿಯೋ ಕಾಣುತ್ತದೆ, ಅರ್ಧ ಗಂಟೆ ಅದಕ್ಕೆ ಹೋಗುತ್ತದೆ. (ಬಿರಿಯಾನಿಯೂ ಕಲಿಕೆಯೇ, ಅದು ಬೇರೆ ಮಾತು.) ಮುಖ್ಯವಾಗಿ, ಇಂದು ಓದಿದೆಯಾ ಎಂದು ಕೇಳುವವರು ಯಾರೂ ಇಲ್ಲ.

ಪ್ರಮಾಣಪತ್ರದ ಪ್ರಶ್ನೆ

ಜ್ಞಾನಕ್ಕಾಗಿಯೇ ಓದುವವರಿಗೆ ಈ ಭಾಗ ಬೇಡ. ಆದರೆ ನಮ್ಮಲ್ಲಿ ಹೆಚ್ಚಿನವರು ಅಂಗನವಾಡಿಯಲ್ಲೋ ಶಾಲೆಯಲ್ಲೋ ಒಂದು ಕೆಲಸ ಸಿಗಬಹುದೆಂಬ ಆಸೆಯಿಂದಲೇ ಓದುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಅಲ್ಲಿ ಸಾವಿರ ವಿಡಿಯೋ ನೋಡಿದ್ದೇನೆ ಎಂದರೆ ಯಾರೂ ಕೇಳುವುದಿಲ್ಲ.

2022ರ ಹಿಜಾಬ್ ವಿವಾದ ಭುಗಿಲೆದ್ದುದು ಉಡುಪಿಯ ಸರಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನಿಂದ. ಆ ವರ್ಷ ಮಾರ್ಚ್ 15ರಂದು ಹೈಕೋರ್ಟಿನ ತೀರ್ಪು ಬಂತು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ತರಗತಿಯಿಂದ ಹೊರಗುಳಿದ ಹೆಣ್ಣುಮಕ್ಕಳಿಗೆ 'ಮನೆಯಲ್ಲೇ ಮೊಬೈಲಿನಲ್ಲಿ ಓದು' ಎಂದು ಹೇಳುವುದು ಸುಲಭ. ಆದರೆ ಎಲ್ಲೂ ನೋಂದಣಿಯಾಗದೆ ಮನೆಯಲ್ಲಿ ಓದಿದರೆ ಓದು ಇರುತ್ತದೆ, ಹನ್ನೆರಡನೇ ತರಗತಿ ಪಾಸಾದ ದಾಖಲೆ ಇರುವುದಿಲ್ಲ. ಕಾರಣ ಯಾವುದೇ ಇರಲಿ, ಶಾಲೆ ಬಿಟ್ಟ ಹುಡುಗಿ ಒಂದು ಮಂಡಳಿಯ ಪಟ್ಟಿಯಲ್ಲಿ ಇರಬೇಕಾದದ್ದು ಅಗತ್ಯ. ಅದಕ್ಕಾಗಿ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್ ಇದೆ. 1989ರಿಂದ ನಡೆಯುತ್ತಿರುವ ಇದು ಹತ್ತನೇ ಮತ್ತು ಹನ್ನೆರಡನೇ ತರಗತಿಯ ಪರೀಕ್ಷೆಗಳನ್ನು ವರ್ಷಕ್ಕೆ ಎರಡು ಸಲ ನಡೆಸುತ್ತದೆ. ಒಮ್ಮೆ ನೋಂದಾಯಿಸಿದರೆ ಐದು ವರ್ಷದೊಳಗೆ ಒಂದೊಂದೇ ವಿಷಯ ಪಾಸು ಮಾಡುತ್ತಾ ಹೋಗಬಹುದು. ಬಾಣಂತನ, ಕಾಯಿಲೆ, ಮನೆ ಬದಲಾವಣೆ ಇವೆಲ್ಲವನ್ನು ದಾಟಿ ಓದಬೇಕಾದವಳಿಗೆ ಇಂತಹ ಸಡಿಲಿಕೆ ದೊಡ್ಡ ಅನುಗ್ರಹ.

ಪದವಿಗೆ ಬಂದರೆ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ 1985ರಿಂದ ಇದೆ. ಮೂರು ವರ್ಷದ ಬಿ.ಎ.ಯನ್ನು ಆರು ವರ್ಷದವರೆಗೂ ಎಳೆಯಬಹುದು. ಕನ್ನಡದಲ್ಲೇ ಬರೆಯಬೇಕೆನ್ನುವವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಇದೆ. ನಮ್ಮ ಪಕ್ಕದ ಮಣಿಪಾಲದ ಮಾಹೆ ಕೂಡಾ ಆನ್‌ಲೈನ್ ಪದವಿ ಕೋರ್ಸುಗಳನ್ನು ನಡೆಸುತ್ತಿದೆ, ಅದರ ಶುಲ್ಕ ಮಾತ್ರ ಮುಕ್ತ ವಿಶ್ವವಿದ್ಯಾಲಯಗಳಂತಲ್ಲ.

ಆದರೆ 'ಸಂಸ್ಥೆ' ಎಂದ ಮಾತ್ರಕ್ಕೆ ಕಣ್ಣು ಮುಚ್ಚಿ ನಂಬುವಂತಿಲ್ಲ. 1996ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವು ತನ್ನ ವ್ಯಾಪ್ತಿಯನ್ನು ಮೀರಿ ಹೊರಗಿನ ಸಂಸ್ಥೆಗಳ ಮೂಲಕ ಕೋರ್ಸು ನಡೆಸಿತೆಂದು ಯುಜಿಸಿ 2015ರಲ್ಲಿ ಪ್ರಕಟಣೆ ಹೊರಡಿಸಿ, 2013-14ರಿಂದಲೇ ಮಾನ್ಯತೆ ಇಲ್ಲ ಎಂದಿತು. ಸಾವಿರಾರು ವಿದ್ಯಾರ್ಥಿಗಳು ಅಂಕಪಟ್ಟಿ ಹಿಡಿದುಕೊಂಡು ಕಚೇರಿಯಿಂದ ಕಚೇರಿಗೆ ಅಲೆದರು. 2018ರಲ್ಲಿ ಮಾನ್ಯತೆ ಮರಳಿತು, ಈಗ ಮತ್ತೆ ಪ್ರವೇಶ ನಡೆಯುತ್ತಿದೆ. ಸರಕಾರಿ ವಿಶ್ವವಿದ್ಯಾಲಯಕ್ಕೇ ಹೀಗಾದರೆ ಜಾಹೀರಾತು ನೋಡಿ ಸೇರುವ ಖಾಸಗಿ ಸಂಸ್ಥೆಗಳ ಗತಿ ಏನು? ಬೆಂಗಳೂರಿನಿಂದ ಬೆಳೆದ ಬೈಜೂಸ್ ಕಂಪೆನಿ ಒಂದು ಕಾಲಕ್ಕೆ ಭಾರತೀಯ ಕ್ರಿಕೆಟ್ ತಂಡದ ಅಂಗಿಯ ಮೇಲೆ ತನ್ನ ಹೆಸರು ಹಾಕಿಸಿಕೊಂಡಿತ್ತು. 2024ರ ಜುಲೈಯಲ್ಲಿ ಅದರ ವಿರುದ್ಧ ದಿವಾಳಿ ಪ್ರಕ್ರಿಯೆಯೇ ಆರಂಭವಾಯಿತು.

ಆದ್ದರಿಂದ ಹಣ ಕಟ್ಟುವ ಮೊದಲು ಯುಜಿಸಿಯ ದೂರಶಿಕ್ಷಣ ವಿಭಾಗದ ಜಾಲತಾಣದಲ್ಲಿ ಆ ವಿಶ್ವವಿದ್ಯಾಲಯದ ಹೆಸರು, ಆ ಕೋರ್ಸಿನ ಹೆಸರು, ಆ ವರ್ಷ, ಈ ಮೂರನ್ನೂ ನೋಡಬೇಕು. ವಿಶ್ವವಿದ್ಯಾಲಯದ ಹೆಸರಿದ್ದೂ ಆ ಕೋರ್ಸಿಗೆ ಅನುಮತಿ ಇಲ್ಲದಿರಬಹುದು. ಅನುಮತಿ ಇದ್ದರೆ ಚಿಂತಿಸಬೇಕಾಗಿಲ್ಲ. ಇಂತಹ ದೂರಶಿಕ್ಷಣ ಮತ್ತು ಆನ್‌ಲೈನ್ ಪದವಿಗಳು ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮಾನವೆಂದು ಯುಜಿಸಿ 2022ರಲ್ಲಿ ಸ್ಪಷ್ಟಪಡಿಸಿದೆ.

ಕೊರೋನಾ ಕಲಿಸಿದ್ದು

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ ಪ್ರತಿ ಮನೆಯೂ ಈ ಎರಡು ದಾರಿಗಳ ನಡುವೆ ಸಿಕ್ಕಿಬಿತ್ತು. ಐದನೇ ತರಗತಿಯವರೆಗಿನ ಮಕ್ಕಳಿಗೆ ಆನ್‌ಲೈನ್ ಪಾಠ ಬೇಡವೆಂದು ರಾಜ್ಯ ಸರಕಾರ ಜೂನ್‌ನಲ್ಲಿ ಆದೇಶಿಸಿತು, ಜುಲೈಯಲ್ಲಿ ಹೈಕೋರ್ಟು ಅದಕ್ಕೆ ತಡೆ ನೀಡಿತು. ದೂರದರ್ಶನ ಚಂದನದಲ್ಲಿ 'ಸಂವೇದ' ಪಾಠ ಬಂತು. ಆಗಸ್ಟ್‌ನಲ್ಲಿ 'ವಿದ್ಯಾಗಮ' ಆರಂಭವಾಗಿ, ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಿ ಜಗಲಿಯಲ್ಲೋ ದೇವಸ್ಥಾನ, ಮಸೀದಿಗಳ ಅಂಗಳದಲ್ಲೋ ಮರದಡಿಯಲ್ಲೋ ಪಾಠ ಮಾಡಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದು ನಿಂತಿತು. ನನ್ನ ಅಭಿಪ್ರಾಯದಲ್ಲಿ ಆ ಇಡೀ ವರ್ಷದಲ್ಲಿ ನಡೆದ ಪ್ರಯೋಗಗಳಲ್ಲೆಲ್ಲ ಹೆಚ್ಚು ವಿವೇಕದ್ದು ವಿದ್ಯಾಗಮವೇ. ಯಾಕೆಂದರೆ ಫೋನಿಲ್ಲದ ಮಕ್ಕಳನ್ನು ಗುರುತಿಸಿ ಪ್ರತ್ಯೇಕ ಗುಂಪು ಮಾಡಿದ ಯೋಜನೆ ಅದು. ಪಾಠಪುಸ್ತಕದ ಕ್ಯೂಆರ್ ಸಂಕೇತವನ್ನು ಮೊಬೈಲಿನಲ್ಲಿ ತೋರಿಸಿದರೆ ಪಾಠ ತೆರೆಯುವ 'ದೀಕ್ಷಾ' 2017ರಿಂದಲೇ ಇತ್ತು. ಆದರೆ ಎಷ್ಟೋ ತಾಯಂದಿರು ಆ ಚೌಕದ ಚಿತ್ರವನ್ನು ಮೊದಲ ಬಾರಿ ಗಮನಿಸಿದ್ದು ಆ ವರ್ಷವೇ. ಇಂದಿಗೂ ಅದನ್ನು ಬಳಸಬಹುದು, ಕನ್ನಡದಲ್ಲೂ ಇದೆ.

ಎರಡನ್ನೂ ಜೋಡಿಸುವುದು

ಹಾಗಾದರೆ ನಮ್ಮ ಸಹೋದರಿ ಏನು ಮಾಡಬೇಕು? ನೋಂದಣಿ, ಪರೀಕ್ಷೆ, ಗಡುವು ಇವಿಷ್ಟನ್ನು ಸಂಸ್ಥೆಯಿಂದ ಪಡೆಯಲಿ. ಅರ್ಥ ಮಾಡಿಕೊಳ್ಳುವ ಕೆಲಸವನ್ನು ತನ್ನದೇ ಜಾಲದಲ್ಲಿ ಮಾಡಲಿ. ಒಂದು ವಿಷಯಕ್ಕೆ ಎರಡು ಚಾನೆಲ್ ಸಾಕು, ಇಪ್ಪತ್ತು ಬೇಡ. ಮನೆಯಲ್ಲಿ ವೈಫೈ ಇಲ್ಲದಿದ್ದರೆ ನೆಟ್‌ವರ್ಕ್ ಚೆನ್ನಾಗಿರುವ ಹೊತ್ತು ನೋಡಿ ವಾರದ ಪಾಠವನ್ನು ಒಮ್ಮೆಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಬಹುದು. ಸುಬಹಿ ನಮಾಝ್ ಆದ ಬಳಿಕ ಮಕ್ಕಳು ಏಳುವವರೆಗಿನ ಮುಕ್ಕಾಲು ಗಂಟೆ ಬಹಳ ಮನೆಗಳಲ್ಲಿ ಸಿಗುತ್ತದೆ. ಮತ್ತೆ ರಾತ್ರಿ ಅಷ್ಟು ಹೊತ್ತು ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ.

ಮೊದಲ ಸಲ ಪ್ರಯತ್ನಿಸುವವರಿಗೆ ಪದವಿಗೆ ಸೇರುವ ಮೊದಲು ಸ್ವಯಂನ ಒಂದು ಚಿಕ್ಕ ಕೋರ್ಸು ಒಳ್ಳೆಯದು. ಅಲ್ಲಿ ಜನವರಿ ಮತ್ತು ಜುಲೈಯಲ್ಲಿ ಹೊಸ ಸರದಿ ಶುರುವಾಗುತ್ತದೆ. ಸೇರಲು ಹಣವಿಲ್ಲ, ಪ್ರಮಾಣಪತ್ರ ಬೇಕಾದರೆ ಮಾತ್ರ ಪರೀಕ್ಷಾ ಶುಲ್ಕ. ಎನ್‌ಪಿಟೆಲ್ ಕೋರ್ಸುಗಳಲ್ಲಿ ಅಸೈನ್‌ಮೆಂಟಿಗೆ ನೂರಕ್ಕೆ 25, ಪರೀಕ್ಷೆಗೆ 75 ಅಂಕ. ಪರೀಕ್ಷೆ ಮನೆಯಲ್ಲಿ ಕುಳಿತು ಬರೆಯುವಂಥದ್ದಲ್ಲ, ಕೇಂದ್ರಕ್ಕೆ ಹೋಗಬೇಕು. ನಮಗೆ ಹತ್ತಿರದ ಕೇಂದ್ರ ಯಾವುದು, ಪೆರ್ಡೂರಿನಿಂದ ಒಂದೇ ದಿನದಲ್ಲಿ ಹೋಗಿ ಬರಬಹುದೇ ಎಂದು ನೋಡಿಯೇ ಶುಲ್ಕ ಕಟ್ಟಬೇಕು.

ಈಗಾಗಲೇ ಕಾಲೇಜಿನಲ್ಲಿ ಓದುತ್ತಿರುವ ಹೆಣ್ಣುಮಕ್ಕಳಿಗೆ ಇನ್ನೊಂದು ಅನುಕೂಲವಿದೆ. 2021ರ ಯುಜಿಸಿ ನಿಯಮದ ಪ್ರಕಾರ ಒಂದು ಸೆಮಿಸ್ಟರಿನ ಒಟ್ಟು ಕೋರ್ಸುಗಳಲ್ಲಿ ನೂರಕ್ಕೆ 40ರವರೆಗೆ ಸ್ವಯಂ ಮೂಲಕ ಮಾಡಲು ಕಾಲೇಜು ಅನುಮತಿಸಬಹುದು. 'ಅನುಮತಿಸಬಹುದು' ಎಂಬ ಶಬ್ದವನ್ನು ಗಮನಿಸಿ. ಕಾಲೇಜಿನಲ್ಲಿ ಕೇಳಿ ಲಿಖಿತ ಒಪ್ಪಿಗೆ ಪಡೆಯದೆ ಮಾಡಿದ ಕೋರ್ಸಿನ ಕ್ರೆಡಿಟ್ ಅಂಕಪಟ್ಟಿಗೆ ಸೇರದಿರಬಹುದು.

ಗುಂಪಿನ ಬಗ್ಗೆ ಒಂದು ಮಾತು. ಒಂದೇ ಕೋರ್ಸಿಗೆ ಸೇರಿದ ಮೂರು ನಾಲ್ಕು ಮಂದಿ ಗೆಳತಿಯರು ಅಥವಾ ಅತ್ತಿಗೆ-ನಾದಿನಿಯರು ವಾಟ್ಸ್ಯಾಪ್‌ನಲ್ಲಿ ಗುಂಪು ಮಾಡಿಕೊಂಡರೆ ಪಿಗ್ಮಿ ಏಜೆಂಟನ ಕೆಲಸ ಅಲ್ಲಿ ಆಗುತ್ತದೆ. ದಿನಕ್ಕೊಬ್ಬರು 'ಇವತ್ತು ಎಷ್ಟು ಓದಿದಿರಿ?' ಎಂದು ಕೇಳಿದರೂ ಸಾಕು. ಆದರೆ ಅಪರಿಚಿತರ ದೊಡ್ಡ ಗುಂಪಿಗೆ ಸೇರುವಾಗ ಎಚ್ಚರ ಬೇಕು. ವಾಟ್ಸ್ಯಾಪ್ ಗುಂಪಿನಲ್ಲಿ ನಮ್ಮ ಫೋನ್ ನಂಬರ್ ಅಲ್ಲಿರುವ ಎಲ್ಲರಿಗೂ ಕಾಣುತ್ತದೆ. ಟೆಲಿಗ್ರಾಂನಲ್ಲಾದರೆ ಸೆಟ್ಟಿಂಗ್ಸ್‌ನಲ್ಲಿ ನಂಬರನ್ನು ಯಾರಿಗೂ ಕಾಣದಂತೆ ಇಡಬಹುದು. ಪ್ರೊಫೈಲಿಗೆ ಫೋಟೋ ಹಾಕಲೇಬೇಕೆಂದಿಲ್ಲ. ಓದಿಗೆಂದೇ ಬೇರೆ ಇಮೇಲ್ ವಿಳಾಸ ಮಾಡಿಕೊಂಡು, ಅದರ ಪಾಸ್‌ವರ್ಡನ್ನು ಕೈಬರಹದಲ್ಲಿ ಬರೆದು ಅಂಕಪಟ್ಟಿಗಳ ಕಡತದಲ್ಲೇ ಇಟ್ಟುಬಿಡಿ. ಸಂಸ್ಥೆಯ ಲಾಗಿನ್ ಮುಚ್ಚಿದರೂ ಆ ವಿಳಾಸ ನಿಮ್ಮದಾಗಿಯೇ ಇರುತ್ತದೆ, ಹಾಲ್ ಟಿಕೆಟ್, ಶುಲ್ಕದ ರಶೀದಿ, ಫಲಿತಾಂಶ ಎಲ್ಲವೂ ವರ್ಷಗಳ ನಂತರವೂ ಅಲ್ಲಿ ಹುಡುಕಿದರೆ ಸಿಗುತ್ತವೆ.